ಡಾಕರ್ ಕೇಳುವ ಈ ‘ವರ್ಚುವಲೈಸೇಶನ್’ ಅಂದರೆ ಏನು?

ಪ್ರೋಗ್ರಾಮುಗಳನ್ನು ‘ಕಂಟೇನರ್’ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್ ಡಾಕರ್. ವಿಂಡೋಸ್ ಲ್ಯಾಪ್‌ಟಾಪಿಗೆ ಡಾಕರ್ ಡೆಸ್ಕ್‌ಟಾಪ್ ಹಾಕಿಕೊಂಡು ಓಪನ್ ಮಾಡಿದರೆ, ಕೆಲವರಿಗೆ ವರ್ಚುವಲೈಸೇಶನ್ ಸಿಗುತ್ತಿಲ್ಲ ಎಂಬ ಎರರ್ ಬಂದು ಅಲ್ಲೇ ನಿಂತುಬಿಡುತ್ತದೆ. ಗಾಬರಿ ಬೇಡ. ಎಷ್ಟೋ ಸಲ ಅದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲೇ ಏಳುವ, ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಜಾಗ) ಆಫ್ ಆಗಿರುತ್ತದೆ, ಅಷ್ಟೇ.

ಒಂದು ಆಪರೇಟಿಂಗ್ ಸಿಸ್ಟಮ್ಮಿನ ಒಳಗೆ ಇನ್ನೊಂದನ್ನು ಓಡಿಸಲು ಪ್ರೊಸೆಸರೇ ಮಾಡಿಕೊಡುವ ಅನುಕೂಲವೇ ಹಾರ್ಡ್‌ವೇರ್ ವರ್ಚುವಲೈಸೇಶನ್. ಒಳಗಿನ ಸಿಸ್ಟಮ್ ಇಡೀ ಕಂಪ್ಯೂಟರ್ ತನ್ನದೇ ಎಂದುಕೊಂಡಿರುತ್ತದೆ. ಅದು ಮುಟ್ಟಬಾರದ್ದಕ್ಕೆ ಕೈ ಹಾಕಿದಾಗ ಪ್ರೊಸೆಸರ್ ತಡೆದು, ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ಸಾಫ್ಟ್‌ವೇರಿಗೆ ವಿಷಯ ಒಪ್ಪಿಸುತ್ತದೆ. ಮೊದಲು ಇದನ್ನೆಲ್ಲ ಸಾಫ್ಟ್‌ವೇರೇ ಹೇಗೋ ಸಂಭಾಳಿಸುತ್ತಿತ್ತು. ಆಮೇಲೆ ಪ್ರೊಸೆಸರಿನಲ್ಲೇ ಈ ಅನುಕೂಲವನ್ನು ಇಂಟೆಲ್ 2005ರಲ್ಲಿ ವಿಟಿ-ಎಕ್ಸ್ ಹೆಸರಲ್ಲಿ ತಂದಿತು, ಎಎಂಡಿ 2006ರಲ್ಲಿ ಎಎಂಡಿ-ವಿ ಹೆಸರಲ್ಲಿ ತಂದಿತು.

ಅಸಲಿಗೆ ಕಂಟೇನರಿಗೆ ಇದ್ಯಾವುದೂ ಬೇಕಿಲ್ಲ! ಲಿನಕ್ಸ್‌ನಲ್ಲಿ ಕಂಟೇನರ್ ಅಂದರೆ ಬೇಲಿ ಹಾಕಿದ ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ), ಅಷ್ಟೇ. ಏನು ಕಾಣಬೇಕು ಅನ್ನೋದನ್ನು ನೇಮ್‌ಸ್ಪೇಸ್ ನೋಡಿಕೊಳ್ಳುತ್ತದೆ, ಎಷ್ಟು ಮೆಮೊರಿ ತಿನ್ನಬೇಕು ಅನ್ನೋದನ್ನು ಸಿಗ್ರೂಪ್. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಮಾತ್ರ ಎಲ್ಲಕ್ಕೂ ಒಂದೇ. ನಾವು ದಿನಾ ಎಳೆದುಕೊಳ್ಳುವ ಇಮೇಜುಗಳು (ಕಂಟೇನರ್ ಎಬ್ಬಿಸಲು ಬೇಕಾದ ಸಿದ್ಧ ಪ್ಯಾಕೇಜುಗಳು) ಹೆಚ್ಚಾಗಿ ಲಿನಕ್ಸ್‌ನವು, ವಿಂಡೋಸ್ ಹತ್ತಿರ ಲಿನಕ್ಸ್ ಕರ್ನಲ್ ಇಲ್ಲವಲ್ಲ, ಹಾಗಾಗಿ ಡಾಕರ್ ಡೆಸ್ಕ್‌ಟಾಪ್ ಡಬ್ಲ್ಯೂಎಸ್ಎಲ್ 2 (ವಿಂಡೋಸ್ ಒಳಗಿನ ಲಿನಕ್ಸ್ ಸಬ್‌ಸಿಸ್ಟಮ್) ಅಥವಾ ಹೈಪರ್-ವಿ (ವಿಂಡೋಸ್‌ನದೇ ಹೈಪರ್‌ವೈಸರ್) ಮೂಲಕ ತೆರೆಮರೆಯಲ್ಲಿ ಒಂದು ಪುಟ್ಟ ಲಿನಕ್ಸ್ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗಿನ ಇನ್ನೊಂದು ಕಂಪ್ಯೂಟರ್, ಎಬ್ಬಿಸಿ ಎಲ್ಲಾ ಕಂಟೇನರುಗಳನ್ನೂ ಅದರೊಳಗೆ ಕೂರಿಸುತ್ತದೆ. ವರ್ಚುವಲೈಸೇಶನ್ ಬೇಕಾಗಿರುವುದು ಆ ಮಷೀನಿಗೆ. ಮ್ಯಾಕ್‌ನಲ್ಲೂ ಇದೇ ಕಥೆ.

ಸೀದಾ ಬಯೋಸಿಗೆ ನುಗ್ಗಬೇಡಿ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ, ಗ್ರಾಫ್ ಕೆಳಗೆ ‘ವರ್ಚುವಲೈಸೇಶನ್: ಎನೇಬಲ್ಡ್’ ಅಂತ ಇದೆಯಾ ನೋಡಿ. ಇದ್ದರೆ ಬಯೋಸ್ ಸರಿಯಾಗಿದೆ, ವಿಂಡೋಸ್ ಫೀಚರ್ಸ್‌ಗೆ ಹೋಗಿ ‘ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್’ ಮತ್ತು ಲಿನಕ್ಸ್ ಸಬ್‌ಸಿಸ್ಟಮ್ ಎರಡಕ್ಕೂ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ.

‘ಡಿಸೇಬಲ್ಡ್’ ಅಂತಿದ್ದರೆ ಮಾತ್ರ ಬಯೋಸ್. ಅದಕ್ಕೂ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ, ಬಯೋಸ್ ಮುಟ್ಟಿದ ಮೇಲೆ ಕೆಲವು ಸಲ ವಿಂಡೋಸ್ ಅದನ್ನು ಕೇಳುತ್ತದೆ. ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಒತ್ತುತ್ತಾ ಇರಿ, ಎಚ್‌ಪಿ ಆದರೆ ಎಫ್10. ಇಂಟೆಲ್‌ನಲ್ಲಿ ‘ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ’ ಅಂತ ಸಲೀಸಾಗಿ ಸಿಗುತ್ತದೆ. ಪಕ್ಕದಲ್ಲಿರುವ ವಿಟಿ-ಡಿ ಬೇರೆ, ಅದು ಸಾಧನಗಳನ್ನು ವರ್ಚುವಲ್ ಮಷೀನಿಗೆ ನೇರವಾಗಿ ಕೊಡುವುದಕ್ಕೆ. ಎಎಂಡಿಯಲ್ಲಿ ನಮಗೆ ಬೇಕಾದ ವರ್ಚುವಲೈಸೇಶನ್ ಸೆಟ್ಟಿಂಗಿನ ಹೆಸರು ‘ಎಸ್‌ವಿಎಂ ಮೋಡ್’, ಕೆಲವು ಮದರ್‌ಬೋರ್ಡಿನವರು ಅದನ್ನು ಓವರ್‌ಕ್ಲಾಕಿಂಗ್ (ಪ್ರೊಸೆಸರ್ ವೇಗ ಹೆಚ್ಚಿಸುವ) ಮೆನು ಒಳಗೆ ಬಚ್ಚಿಟ್ಟಿರುತ್ತಾರೆ, ಯಾಕೋ ದೇವರೇ ಬಲ್ಲ. ಎನೇಬಲ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ, ಟಾಸ್ಕ್ ಮ್ಯಾನೇಜರ್ ಇನ್ನೊಮ್ಮೆ ನೋಡಿ, ಆಮೇಲೆ ಡಾಕರ್ ಓಪನ್ ಮಾಡಿ.