ಸ್ಕ್ರೀನ್ ತುಂಬಾ ಕಸ ಬಂದರೆ ಪಿಕ್ಚರ್ ಟ್ಯೂಬ್ ಹೋಯಿತು ಅಂತಲಾ?

ಪ್ರಶ್ನೆ: ಇಲ್ಲಿ ಅಮೆರಿಕದಲ್ಲಿ ಒಂದು ಹಳೇ ಪ್ಯಾಕ್-ಮ್ಯಾನ್ ಆರ್ಕೇಡ್ ಮೆಷಿನ್ (ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್) ತಗೊಂಡೆ. ಮಿಡ್‌ವೇ ಕಂಪನಿಯದು, ಹಳದಿ ಕ್ಯಾಬಿನೆಟ್. ಆನ್ ಮಾಡಿದರೆ ಸ್ಕ್ರೀನ್ ತುಂಬಾ ಬಣ್ಣಬಣ್ಣದ ಅಕ್ಷರ, ಅಂಕಿ, ಚೂರುಪಾರು ಗೆರೆ. ಆಟ ಶುರುವೇ ಆಗುವುದಿಲ್ಲ. ನೋಡಿದವರೆಲ್ಲ ಪಿಕ್ಚರ್ ಟ್ಯೂಬ್ ಹೋಗಿದೆ ಅನ್ನುತ್ತಾರೆ. ಟ್ಯೂಬ್ ತೆಗೆಸಿ ಎಲ್‌ಸಿಡಿ ಹಾಕಿಸಬಹುದಾ?

ಉತ್ತರ: ಬೇಡ. ಟ್ಯೂಬ್ ಹೋಗಿಲ್ಲ.

ಇಷ್ಟಕ್ಕೇ ಮುಗಿಸುವ ಆಸೆ ನನಗೂ ಇದೆ. ಆದರೆ ಇದೇ ಪ್ರಶ್ನೆ ಒಮ್ಮೆ ಗ್ಯಾಲಗಾ, ಒಮ್ಮೆ ಡಾಂಕಿ ಕಾಂಗ್ ಎಂದು ಬೇರೆ ಬೇರೆ ಆಟದ ಹೆಸರಲ್ಲಿ ಬರುತ್ತಲೇ ಇರುತ್ತದೆ. ಉತ್ತರ ಕೊಡುವಷ್ಟರಲ್ಲಿ ಕೆಲವರು ಒಳ್ಳೇ ಟ್ಯೂಬನ್ನು ಕಿತ್ತು ಹೊರಗೆ ಇಟ್ಟಿರುತ್ತಾರೆ. ಈ ಟ್ಯೂಬ್‌ಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಕಿತ್ತ ಮೇಲೆ ಅಯ್ಯೋ ಅಂದರೆ ಏನೂ ಪ್ರಯೋಜನವಿಲ್ಲ. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತು. ನಮ್ಮೂರುಗಳಲ್ಲಿ ಟಿವಿ ಕೆಟ್ಟಾಗ ಮೆಕ್ಯಾನಿಕ್ ಬಂದು, ಹಿಂದಿನ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಸುಮ್ನೆ ನಿಂತು, "ಪಿಕ್ಚರ್ ಟ್ಯೂಬ್ ಹೋಗಿದೆ ಸಾರ್" ಅನ್ನುತ್ತಿದ್ದ. ಇಡೀ ಟಿವಿಯಲ್ಲಿ ಅದೇ ದುಬಾರಿ ಸಾಮಾನು. ಮನೆಯವರ ಮುಖ ಸಣ್ಣಗಾಗುತ್ತಿತ್ತು. ಆತ ಹೇಳಿದ್ದು ಎಷ್ಟೋ ಸಲ ನಿಜವೂ ಆಗಿತ್ತು. ಬೆಂಗಳೂರಿನ ಬಿಇಎಲ್ ಕಪ್ಪು-ಬಿಳುಪು ಟಿವಿಗೆ ಟ್ಯೂಬ್ ತಯಾರಿಸುತ್ತಿದ್ದ ಕಾಲದಲ್ಲಿ ಮನೆಯ ಟಿವಿಯೊಳಗೆ ದೊಡ್ಡ ಕಂಪ್ಯೂಟರ್ ಏನೂ ಇರಲಿಲ್ಲ. ಚಿತ್ರ ಹೊರಗಿನಿಂದ, ಆಂಟೆನಾದಿಂದ ಬರುತ್ತಿತ್ತು. ಪಕ್ಕದ ಮನೆಯಲ್ಲಿ ಚೆನ್ನಾಗಿ ಬಂದು ನಮ್ಮ ಮನೆಯಲ್ಲಿ ಬರದಿದ್ದರೆ ತಪ್ಪು ನಮ್ಮ ಪೆಟ್ಟಿಗೆಯದೇ.

ಆರ್ಕೇಡ್ ಮೆಷಿನ್ ಹಾಗಲ್ಲ. ಅದರಲ್ಲಿ ಚಿತ್ರ ಹುಟ್ಟುವ ಜಾಗ ಬೇರೆ, ಕಾಣುವ ಜಾಗ ಬೇರೆ. ಹುಟ್ಟುವುದು ಆಟದ ಚಿಪ್ಪುಗಳೆಲ್ಲ ಕೂತಿರುವ ಗೇಮ್ ಬೋರ್ಡಿನಲ್ಲಿ. ಅಲ್ಲಿಂದ ಮಾನಿಟರಿಗೆ ಕೆಂಪು, ಹಸಿರು, ನೀಲಿ ಎಂದು ಒಂದೊಂದು ತಂತಿ, ಚಿತ್ರದ ಗೆರೆ ಎಲ್ಲಿ ಶುರುವಾಗಬೇಕು ಎಂದು ಹೇಳುವ ಸಿಂಕ್ ತಂತಿ ಒಂದು, ಗ್ರೌಂಡ್ ಒಂದು. ಅಷ್ಟೇ. ಮಾನಿಟರಿಗೆ ಪ್ಯಾಕ್-ಮ್ಯಾನ್ ಯಾರು, ದೆವ್ವ ಯಾವುದು ಅಂತ ಗೊತ್ತಿಲ್ಲ. ಕೊಟ್ಟಿದ್ದನ್ನು ತೋರಿಸುತ್ತದೆ. ಹರಿಕಥೆದಾಸರು ಪದ ಮರೆತರೆ ಮೈಕ್ ಸೆಟ್‌ನವನನ್ನು ಬೈಯುತ್ತೀರಾ? ತಪ್ಪು ಪದ ಕೊನೇ ಸಾಲಿನವರೆಗೆ ಸ್ಪಷ್ಟವಾಗಿ ಕೇಳಿಸಿತು ಅಂದರೆ ಮೈಕ್ ಚೆನ್ನಾಗಿದೆ ಅಂತಲೇ ಅರ್ಥ.

ಈಗ ಆ ಕಸವನ್ನೇ ಹತ್ತಿರದಿಂದ ನೋಡಿ. ಮನಸ್ಸಿಗೆ ಬಂದ ಹಾಗೆ ಚೆಲ್ಲಿದ ಕಸ ಅಲ್ಲ ಅದು. ಅಕ್ಷರಗಳು ಓದುವಷ್ಟು ಚೂಪಾಗಿವೆ, ಸಾಲಾಗಿ ಕೂತಿವೆ, ಬಣ್ಣ ಸರಿ ಇದೆ. ಕಾರಣ ಇದು: ಪ್ಯಾಕ್-ಮ್ಯಾನ್ ಪರದೆ 224 ಚುಕ್ಕೆ ಅಗಲ, 288 ಚುಕ್ಕೆ ಎತ್ತರ. ಅದನ್ನು 8 ಚುಕ್ಕೆಯ ಚೌಕಗಳಾಗಿ ಹಂಚಿದ್ದಾರೆ. ಅಡ್ಡಕ್ಕೆ 28, ಉದ್ದಕ್ಕೆ 36. ಯಾವ ಚೌಕದಲ್ಲಿ ಯಾವ ಚಿತ್ರ ಬರಬೇಕು ಅನ್ನುವುದು ವಿಡಿಯೋ ಮೆಮೊರಿಯಲ್ಲಿ ಬರೀ ನಂಬರ್ ಆಗಿ ಕೂತಿರುತ್ತದೆ. ಕರೆಂಟ್ ಕೊಟ್ಟ ಕ್ಷಣದಲ್ಲಿ ಆ ಮೆಮೊರಿಯಲ್ಲಿ ಏನೇನೋ ನಂಬರ್ ಇರುತ್ತವೆ. ವಿಡಿಯೋ ಸರ್ಕ್ಯೂಟ್ ಪ್ರೊಸೆಸರಿಗೆ ಕಾಯುವುದಿಲ್ಲ, ಇರುವ ನಂಬರಿಗೆ ತಕ್ಕ ಚಿತ್ರವನ್ನು ಬಿಡಿಸಿಬಿಡುತ್ತದೆ. ಕಸ ಅಂದರೆ ಇದೇ. ಒಳ್ಳೇ ಮೆಷಿನ್‌ನಲ್ಲೂ ಆನ್ ಮಾಡಿದಾಗ ಒಂದು ಕ್ಷಣ ಇದು ಕಾಣುತ್ತದೆ. ಆಮೇಲೆ ಝಡ್80 ಪ್ರೊಸೆಸರ್ ಎದ್ದು, ಮೆಮೊರಿ ಪರೀಕ್ಷೆ ಮಾಡಿ, ಎಲ್ಲ ಗುಡಿಸಿ ಆಟಕ್ಕೆ ಇಳಿಯುತ್ತದೆ. ನಿಮ್ಮ ಮೆಷಿನ್‌ನಲ್ಲಿ ಗುಡಿಸುವವರು ಎದ್ದಿಲ್ಲ.

ಅಂದರೆ ನೀವು "ಟ್ಯೂಬ್ ಹೋಗಿದೆ" ಅನ್ನುವುದಕ್ಕೆ ಸಾಕ್ಷಿ ಅಂದುಕೊಂಡ ಅದೇ ಕಸ, ಬೋರ್ಡಿನ ಗಡಿಯಾರವಾದ ಕ್ರಿಸ್ಟಲ್ ಓಡುತ್ತಿದೆ, ವಿಡಿಯೋ ಸರ್ಕ್ಯೂಟ್ ಬದುಕಿದೆ, ಚಿತ್ರಗಳನ್ನು ಕಾಯಂ ಆಗಿ ತುಂಬಿಟ್ಟಿರುವ ರೋಮ್ ಚಿಪ್ಪು ಸರಿ ಇದೆ, ಮಾನಿಟರ್ ಚೆನ್ನಾಗಿದೆ, ಟ್ಯೂಬ್ ಚೆನ್ನಾಗಿದೆ ಅಂತ ಸಾಕ್ಷಿ ಹೇಳುತ್ತಿದೆ. ಎಲ್‌ಸಿಡಿ ಹಾಕಿಸಿದರೆ ಏನಾಗುತ್ತದೆ? ದುಡ್ಡು ಖರ್ಚಾಗುತ್ತದೆ, ಇದೇ ಕಸ ಎಲ್‌ಸಿಡಿಯಲ್ಲಿ ಬರುತ್ತದೆ. ಹೀಗೆ ಮಾಡಿಸಿಕೊಂಡು ಆಮೇಲೆ "ಹೊಸ ಸ್ಕ್ರೀನ್ ಕೂಡ ಹೋಯಿತಾ?" ಎಂದು ಕೇಳಿದವರಿದ್ದಾರೆ. ನಾನು ಏನು ಹೇಳಲಿ?

ಹಾಗಾದರೆ ಟ್ಯೂಬ್ ಹೋಗುವುದೇ ಇಲ್ಲವಾ? ಹೋಗುತ್ತದೆ, ಆದರೆ ಹೀಗಲ್ಲ. ಮುದಿಯಾದ ಟ್ಯೂಬ್ ಮಂಕಾಗುತ್ತದೆ. ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಒಂದು ಬಣ್ಣ, ಜಾಸ್ತಿ ಸಲ ಕೆಂಪು, ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಬ್ರೈಟ್‌ನೆಸ್ ಏರಿಸಿದರೆ ಬಿಳಿ ಜಾಗ ಬೆಳ್ಳಿಯ ಹಾಗೆ ಮಿನುಗಿ ಹರಡಿಕೊಳ್ಳುತ್ತದೆ. ಪೂರ್ತಿ ಸತ್ತ ಟ್ಯೂಬಿನ ಗುರುತು ಇನ್ನೂ ಸುಲಭ: ಕತ್ತಿನ ಹತ್ತಿರ ಗಾಜಿನ ಒಳಗೆ ಬೆಳ್ಳಿ ಬಣ್ಣದ ಪೂಸು ಇರುತ್ತದೆ, ಗಾಳಿ ಒಳಗೆ ಹೋಗಿದ್ದರೆ ಅದು ಹಾಲಿನ ಹಾಗೆ ಬಿಳಿಯಾಗಿರುತ್ತದೆ. ಇದು ಯಾವುದೂ ಇಲ್ಲದಿದ್ದರೆ ಟ್ಯೂಬಿನ ತಂಟೆಗೆ ಹೋಗಬೇಡಿ.

ಪರದೆ ಕುಗ್ಗಿ ಒಂದೇ ಗೆರೆಯಾದರೂ ಟ್ಯೂಬ್ ತಪ್ಪಲ್ಲ, ಅದು ಚಿತ್ರವನ್ನು ಮೇಲಿಂದ ಕೆಳಕ್ಕೆ ಹರಡುವ ವರ್ಟಿಕಲ್ ಸರ್ಕ್ಯೂಟ್. ಇಲ್ಲಿ ಒಂದು ತಮಾಷೆ ಇದೆ. ಪ್ಯಾಕ್-ಮ್ಯಾನ್‌ನಲ್ಲಿ 19 ಇಂಚಿನ ಮಾನಿಟರನ್ನು ಪಕ್ಕಕ್ಕೆ ಮಲಗಿಸಿ ಕೂರಿಸಿದ್ದಾರೆ. ಹಾಗಾಗಿ ಮಾಮೂಲಿ ಟಿವಿಯಲ್ಲಿ ಅಡ್ಡ ಕಾಣಬೇಕಾದ ಗೆರೆ ಇಲ್ಲಿ ನೆಟ್ಟಗೆ ನಿಂತಿರುತ್ತದೆ. ಟಿವಿ ರಿಪೇರಿಯಲ್ಲಿ ಪಳಗಿದವರೂ ಇದನ್ನು ನೋಡಿ ಹಾರಿಜಾಂಟಲ್ ಕಡೆ ಹುಡುಕುತ್ತಾ ಕೂರುತ್ತಾರೆ. ಇನ್ನು ಮೆಷಿನ್ ಆಫ್ ಇದ್ದಾಗಲೂ ಗಾಜಿನ ಮೇಲೆ ಆಟದ ಓಣಿಗಳ ನೆರಳು ಕಾಣುತ್ತದೆಯಲ್ಲ, ಅದು ಒಂದೇ ಚಿತ್ರ ವರ್ಷಗಟ್ಟಲೆ ಉರಿದು ಬಿದ್ದ ಕಲೆ. ಅದು ಹೋಗುವುದಿಲ್ಲ. ಆಟ ಓಡುವಾಗ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೋಸ್ಕರ ಟ್ಯೂಬ್ ಬದಲಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಸರಿ, ಪ್ರೊಸೆಸರ್ ಯಾಕೆ ಏಳುತ್ತಿಲ್ಲ? ನೂರಕ್ಕೆ ನೂರು ಅಂತ ಹೇಳಲಾರೆ, ಆದರೆ ಮೊದಲು ನೋಡಬೇಕಾದ್ದು 5 ವೋಲ್ಟ್. ಮಿಡ್‌ವೇಯ ಈ ಮೆಷಿನ್‌ನಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರ್‌ನಿಂದ ಸುಮಾರು 7 ವೋಲ್ಟ್ ಎಸಿ ನೇರವಾಗಿ ಬೋರ್ಡಿಗೆ ಬರುತ್ತದೆ. ಅದನ್ನು ಡಿಸಿ ಮಾಡಿ 5 ವೋಲ್ಟಿಗೆ ಇಳಿಸುವ ಕೆಲಸ ಬೋರ್ಡಿನ ಮೇಲೇ ನಡೆಯುತ್ತದೆ. ಅಷ್ಟೂ ಕರೆಂಟ್ ಬೋರ್ಡಿನ ಅಂಚಿಗೆ ಸಿಕ್ಕಿಸುವ ಎಡ್ಜ್ ಕನೆಕ್ಟರ್ ಕೂರುವ ಜಾಗದ ಕೆಲವೇ ಬೆರಳುಗಳ (ಲೋಹದ ಪಟ್ಟಿಗಳ) ಮೂಲಕ ಹಾದುಹೋಗಬೇಕು. ದಿನವಿಡೀ ಓಡಿದ ಮೆಷಿನ್. ಬೆರಳು ಬಿಸಿಯಾಗುತ್ತದೆ, ಕಂದುತ್ತದೆ, ಕಂದಿದ್ದಕ್ಕೆ ಇನ್ನೂ ಬಿಸಿಯಾಗುತ್ತದೆ.

ಪ್ಲಗ್ ಕಿತ್ತು, ಆ 44 ಪಿನ್ನಿನ ಕನೆಕ್ಟರನ್ನು ಬೋರ್ಡಿನಿಂದ ನೇರವಾಗಿ ಹಿಂದಕ್ಕೆ ಎಳೆಯಿರಿ. ಅಲ್ಲಾಡಿಸಿ ಎಳೆಯಬೇಡಿ. ಟಾರ್ಚ್ ಹಿಡಿದು ಬೋರ್ಡಿನ ಅಂಚು ನೋಡಿ. ಉಳಿದ ಬೆರಳೆಲ್ಲ ಹೊಳೆಯುತ್ತಿದ್ದು ಒಂದು ತುದಿಯ ನಾಲ್ಕಾರು ಮಾತ್ರ ಕಾಫಿ ಬಣ್ಣಕ್ಕೆ ಅಥವಾ ಕಪ್ಪಿಗೆ ತಿರುಗಿದ್ದರೆ ನಿಮ್ಮ ಉತ್ತರ ಸಿಕ್ಕಿತು. ಎದುರಿನ ಕನೆಕ್ಟರಿನ ಪ್ಲಾಸ್ಟಿಕ್ ಅದೇ ಜಾಗದಲ್ಲಿ ಸುಟ್ಟು ಉಬ್ಬಿರುತ್ತದೆ, ಒಳಗಿನ ಸ್ಪ್ರಿಂಗ್ ಬಿಗಿ ಕಳೆದುಕೊಂಡಿರುತ್ತದೆ. ಬೆರಳುಗಳನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಸ್ಯಾಂಡ್‌ಪೇಪರ್ ಮುಟ್ಟಬೇಡಿ, ಮೇಲಿನ ಲೇಪ ಹೋದರೆ ಕೆಳಗಿನ ತಾಮ್ರ ಬೇಗ ಹಾಳಾಗುತ್ತದೆ. ತೀರಾ ಸುಟ್ಟಿದ್ದಕ್ಕೆ ತೆಳ್ಳಗೆ ಬೆಸುಗೆ ಪೂಸಬೇಕು. ಸುಟ್ಟ ಕನೆಕ್ಟರನ್ನು ಮಾತ್ರ ಉಳಿಸಿಕೊಳ್ಳಬೇಡಿ. ಬೆರಳು ಎಷ್ಟು ಚೊಕ್ಕ ಮಾಡಿದರೂ ಸಡಿಲ ಸ್ಪ್ರಿಂಗ್ ಮತ್ತೆ ಸುಡುತ್ತದೆ. 0.156 ಇಂಚು ಅಂತರದ ಹೊಸ ಕನೆಕ್ಟರ್ ಸಿಗುತ್ತದೆ, ಒಂದೊಂದೇ ತಂತಿ ಅತ್ತಿಂದಿತ್ತ ದಾಟಿಸಿ.

ಆಮೇಲೆ ಮೀಟರ್. ಅಳೆಯುವುದು ಟ್ರಾನ್ಸ್‌ಫಾರ್ಮರ್ ಹತ್ತಿರ ಅಲ್ಲ, ಚಿಪ್ಪಿನ ಮೇಲೆ. ಝಡ್80ಗೆ 40 ಕಾಲು. 29ನೇದು ಗ್ರೌಂಡ್, ಕಪ್ಪು ತಂತಿ ಅಲ್ಲಿ. 11ನೇದು 5 ವೋಲ್ಟ್, ಕೆಂಪು ಅಲ್ಲಿ. ಈ ಕಾಲದ ಚಿಪ್ಪುಗಳಿಗೆ 4.75ರಿಂದ 5.25ರವರೆಗೆ ನಡೆಯುತ್ತದೆ. 4.6 ಬಂದರೆ ಚಿತ್ರ ಬಿಡಿಸುವಷ್ಟು ಜೀವ ಇರುತ್ತದೆ, ಆಟ ಆಡಿಸುವಷ್ಟು ಇರುವುದಿಲ್ಲ. ಮೀಟರನ್ನು ಎಸಿಗೆ ತಿರುಗಿಸಿ ಅದೇ ಜಾಗದಲ್ಲಿ ಇನ್ನೊಮ್ಮೆ ನೋಡಿ. ಅಲ್ಲಿ ದೊಡ್ಡ ಅಂಕಿ ಬಂದರೆ ಕರೆಂಟಿನ ಏರಿಳಿತ ಸಮ ಮಾಡುವ ಬೋರ್ಡಿನ ದೊಡ್ಡ ಫಿಲ್ಟರ್ ಕೆಪ್ಯಾಸಿಟರ್ ಒಣಗಿದೆ.

ಹಳೇ ಟ್ರಾನ್ಸ್‌ಫಾರ್ಮರ್ ಬದಲು, ನೇರವಾಗಿ 5 ವೋಲ್ಟ್ ಡಿಸಿ ಕೊಡುವ ಹೊಸ ಸ್ವಿಚಿಂಗ್ ಪವರ್ ಸಪ್ಲೈ ಹಾಕಿಸಿಕೊಂಡವರು ಒಂದು ಕೆಟ್ಟ ಕೆಲಸ ಮಾಡುತ್ತಾರೆ. ಚಿಪ್ಪಿನ ಮೇಲೆ ವೋಲ್ಟೇಜ್ ಕಡಿಮೆ ಕಂಡ ತಕ್ಷಣ ಸಪ್ಲೈನ ತಿರುಪು ತಿರುಗಿಸಿ ಏರಿಸಿಬಿಡುತ್ತಾರೆ. ಕನೆಕ್ಟರ್ ಕೊಳಕಾಗಿರುವಷ್ಟು ದಿನ ಅದು ನಡೆಯುತ್ತದೆ. ಒಂದು ದಿನ ಯಾರೋ ಕನೆಕ್ಟರ್ ಒರೆಸುತ್ತಾರೆ, ಏರಿಸಿದ ಅಷ್ಟೂ ವೋಲ್ಟೇಜ್ ಚಿಪ್ಪುಗಳ ಮೇಲೆ ಬೀಳುತ್ತದೆ.

ವೋಲ್ಟೇಜ್ ಸರಿ ಇದ್ದೂ ಕಸ ಹೋಗದಿದ್ದರೆ ಕಸದ ನಡವಳಿಕೆ ನೋಡಿ. ಪ್ರೋಗ್ರಾಂ ಓಡುತ್ತಿದ್ದರೆ ಆಗಾಗ ಒಂದು ಸರ್ಕ್ಯೂಟಿಗೆ "ಇದ್ದೇನೆ" ಅಂತ ಹೇಳುತ್ತಿರಬೇಕು. ಹೇಳದಿದ್ದರೆ ವಾಚ್‌ಡಾಗ್ ಎನ್ನುವ ಆ ಸರ್ಕ್ಯೂಟ್ ಪ್ರೊಸೆಸರನ್ನು ರೀಸೆಟ್ ಮಾಡುತ್ತದೆ. ಪ್ಯಾಕ್-ಮ್ಯಾನ್‌ನಲ್ಲಿ ಅದು ಸೆಕೆಂಡಿಗೆ ಸುಮಾರು ನಾಲ್ಕು ಸಲ ಒದೆಯುತ್ತದೆ. ಕಸ ತಾಳಕ್ಕೆ ಸರಿಯಾಗಿ ಮಿಡಿಯುತ್ತಿದ್ದರೆ ಪ್ರೊಸೆಸರ್ ಏಳಲು ಪ್ರಯತ್ನಿಸಿ ಬೀಳುತ್ತಿದೆ. ಹೆಚ್ಚಾಗಿ ಸಾಕೆಟ್ಟಿನಲ್ಲಿ ಕೂತ ಪ್ರೋಗ್ರಾಂ ರೋಮ್‌ಗಳ ಕಾಲು ಕಪ್ಪಾಗಿರುತ್ತದೆ, ಇಲ್ಲವೇ ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಸಿಂಕ್ ಬಸ್ ಕಂಟ್ರೋಲರ್ ಬೋರ್ಡು ಸಡಿಲವಾಗಿರುತ್ತದೆ. ತೆಗೆದು, ಒರೆಸಿ, ಮತ್ತೆ ಕೂರಿಸಿ. ಚಿಪ್ಪಿನ ದಿಕ್ಕು ಗುರುತು ಮಾಡಿಕೊಳ್ಳಿ, ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮೆಷಿನ್ ಇದರ ಮುಂದಿನ ಆಟವಾದ ಮಿಸ್ ಪ್ಯಾಕ್-ಮ್ಯಾನ್ ಆಗಿದ್ದರೆ ಝಡ್80 ಸಾಕೆಟ್ಟಿನಿಂದ ಹೋಗುವ ಚಪ್ಪಟೆ ಕೇಬಲ್ಲಿನ ಮೇಲೆ ನನ್ನ ಅನುಮಾನ ಮೊದಲು ಹೋಗುತ್ತದೆ.

ಇಷ್ಟು ಕೆಲಸದಲ್ಲಿ ಎಲ್ಲೂ ಮಾನಿಟರ್ ಮುಟ್ಟಿಲ್ಲ, ಗಮನಿಸಿ. ಮುಟ್ಟುವ ಅಗತ್ಯವೂ ಇಲ್ಲ. ಟ್ಯೂಬಿನ ಮೇಲಿನ ರಬ್ಬರ್ ಬಟ್ಟಲಿನ ಕೆಳಗೆ 20,000 ವೋಲ್ಟಿನ ಆಸುಪಾಸು ಇರುತ್ತದೆ, ಆಫ್ ಮಾಡಿದ ಮೇಲೂ ಒಂದಿಷ್ಟು ಉಳಿದಿರಬಹುದು. ಅದನ್ನು ಇಳಿಸುವುದನ್ನು ಓದಿ ಕಲಿಯಬೇಡಿ, ಬಲ್ಲವರ ಪಕ್ಕ ನಿಂತು ಕಲಿಯಿರಿ.

ಕಸದ ಮಾತು ಬಂತು ಅಂತ ಇನ್ನೊಂದು ಹೇಳುತ್ತೇನೆ, ನೀವು ಕೇಳದಿದ್ದರೂ. ಪೂರ್ತಿ ಆರೋಗ್ಯವಾಗಿರುವ ಪ್ಯಾಕ್-ಮ್ಯಾನ್‌ನಲ್ಲೂ ಒಂದು ಕಡೆ ಕಸ ಬರುತ್ತದೆ: 256ನೇ ಲೆವೆಲ್. ಲೆವೆಲ್ ಲೆಕ್ಕ ಇಡಲು ಕೊಟ್ಟಿರುವುದು 8 ಬಿಟ್, ಅದರಲ್ಲಿ 255ರ ಆಚೆ ಹೋದರೆ ಮತ್ತೆ ಸೊನ್ನೆ. ಪರದೆಯ ಕೆಳಗೆ ಹಣ್ಣುಗಳ ಸಾಲು ಬಿಡಿಸುವ ಪ್ರೋಗ್ರಾಂ ತುಣುಕು ಆ ಸೊನ್ನೆ ನೋಡಿ ತಬ್ಬಿಬ್ಬಾಗಿ, ಕೆಲವೇ ಹಣ್ಣು ಬಿಡಿಸುವ ಬದಲು 256 ಬಿಡಿಸಲು ಹೊರಡುತ್ತದೆ. ಅಷ್ಟು ಹಣ್ಣು ಎಲ್ಲಿದೆ? ಮೆಮೊರಿಯಲ್ಲಿ ಮುಂದೆ ಸಿಕ್ಕಿದ್ದನ್ನೆಲ್ಲ ಹಣ್ಣು ಅಂದುಕೊಂಡು ಬಲಗಡೆಯ ಅರ್ಧ ಪರದೆಗೆ ಸುರಿಯುತ್ತದೆ. ಒಂದು ಲೆವೆಲ್ ಮುಗಿಯಲು 244 ಚುಕ್ಕೆ ತಿನ್ನಬೇಕು, ಅಲ್ಲಿ ಅಷ್ಟು ಸಿಗುವುದೇ ಇಲ್ಲ. ಆಟ ಅಲ್ಲಿಗೇ ನಿಲ್ಲುತ್ತದೆ. 1980ರಲ್ಲಿ ನ್ಯಾಮ್ಕೋದವರು ಇದನ್ನು ಬರೆಯುವಾಗ ಯಾರಾದರೂ ಅಷ್ಟು ದೂರ ಬರುತ್ತಾರೆ ಅಂದುಕೊಂಡಿರಲಿಕ್ಕಿಲ್ಲ. ಎಡಗಡೆ ಓಣಿ ನೆಟ್ಟಗಿದ್ದು ಬಲಗಡೆ ಮಾತ್ರ ಕಸ ಬಂದರೆ ರಿಪೇರಿ ಬೇಡ, ನಿಮಗೆ ಶಾಭಾಸ್.

ಮುಂದೆ ಊರಿಗೆ ಸಾಗಿಸುವ ಯೋಚನೆಯೂ ನಿಮಗೆ ಇದ್ದೇ ಇರುತ್ತದೆ, ಇಲ್ಲಿರುವ ಅರ್ಧ ಜನಕ್ಕೆ ಇದೆ. ಅಮೆರಿಕದ ಮೆಷಿನ್ 115 ವೋಲ್ಟ್, ನಮ್ಮಲ್ಲಿ 230. 500 ವಿಎಯ ಒಳ್ಳೇ ತಾಮ್ರದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ಪ್ರಯಾಣಕ್ಕೆ ಮಾರುವ ಪುಟ್ಟ ಕನ್ವರ್ಟರ್ ಬೇಡವೇ ಬೇಡ. 50 ಹರ್ಟ್ಜ್ ಆದ್ದರಿಂದ ಆಟ ನಿಧಾನ ಆಗುತ್ತದಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಆಟದ ಗಡಿಯಾರ 18.432 ಮೆಗಾಹರ್ಟ್ಜ್‌ನ ಕ್ರಿಸ್ಟಲ್, ಗೋಡೆಯ ಕರೆಂಟ್ ಅಲ್ಲ. ಕೆಳಗಿನ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಮೇಲೆ ಹೆಸರಿನ ಹಿಂದೆ ಉರಿಯುವ ಟ್ಯೂಬ್‌ಲೈಟಿನ ಚೋಕ್ 60 ಹರ್ಟ್ಜ್‌ಗೆ ಮಾಡಿದ್ದು, ಅದನ್ನು ತೆಗೆದು ಎಲ್‌ಇಡಿ ಪಟ್ಟಿ ಹಾಕಿ. ನೋಡಿ, ನಾನು ಹೊಸದಕ್ಕೆ ವಿರೋಧಿ ಏನಲ್ಲ.

ಊರಿನಲ್ಲಿ ಈ ಮೆಷಿನ್‌ಗೆ ಕಂಟಕ ಕರೆಂಟ್ ಅಲ್ಲ, ನೆಲ ಒರೆಸುವ ನೀರು. ಕ್ಯಾಬಿನೆಟ್ ಪಾರ್ಟಿಕಲ್ ಬೋರ್ಡಿನದು. ದಿನಾ ಒದ್ದೆ ಬಟ್ಟೆ ತಾಗಿದರೆ ಕೆಳಗಿನ ಅಂಚು ನೀರು ಕುಡಿದು ಊದಿಕೊಂಡು ಪುಡಿಯಾಗುತ್ತದೆ, ಮಳೆಗಾಲದ ಕರಾವಳಿಯಲ್ಲಿ ಇನ್ನೂ ಬೇಗ. ನಾಲ್ಕು ಮೂಲೆಗೂ ತಿರುಪಿನ ಕಾಲು ಹಾಕಿಸಿ ಒಂದು ಇಂಚಾದರೂ ಎತ್ತಿಸಿ. ಬಣ್ಣವಿಲ್ಲದ ಕೆಳಗಿನ ಬರೀ ಅಂಚಿಗೆ ಎರಡು ಕೈ ವಾರ್ನಿಶ್ ಬಳಿಸಿ. ಮನೆ ಕೆಲಸಕ್ಕೆ ಬರುವವರಿಗೂ ಒಂದು ಮಾತು ಹೇಳಿಡಿ.