ಹಳೇ ಕಾರಿನ ಚಾವಿ ತಿರುಗದಿದ್ದರೆ

ಕುಮಟಾದ ನಮ್ಮ ಗ್ಯಾರೇಜಿಗೆ ‘ಇಗ್ನಿಷನ್ ಲಾಕ್ ಜಾಮ್ ಆಗಿದೆ’ ಎಂದು ಫೋನು ಬರುತ್ತಲೇ ಇರುತ್ತದೆ. ಹೋಗಿ ನೋಡಿದರೆ ಲಾಕ್ ನಿಜವಾಗಿ ಕೆಟ್ಟಿರುವುದು ಕಡಿಮೆ. ಸ್ಟಿಯರಿಂಗ್ ಬಿಗಿದುಕೊಂಡಿರುತ್ತದೆ, ಇಲ್ಲಾ ಚಾವಿ ಸವೆದಿರುತ್ತದೆ. ಇವೆರಡನ್ನೂ ನೋಡದೆ ಜೋರು ಮಾಡಿ ಚಾವಿ ಮುರಿದುಕೊಂಡರೆ ಮಾತ್ರ ಲಾಕಿನ ಖರ್ಚು ಗ್ಯಾರಂಟಿ. ಹಾಗಾಗಿ ಫೋನಿನಲ್ಲಿ ನಾನು ಮೊದಲು ಕೇಳುವುದು ಇಷ್ಟೇ: ಗಾಡಿ ಎಲ್ಲಿ ನಿಲ್ಲಿಸಿದ್ದೀರಿ, ಮುಂದಿನ ಚಕ್ರ ಯಾವ ಕಡೆ ತಿರುಗಿದೆ?

ಚಾವಿಗೂ ಚಕ್ರಕ್ಕೂ ಏನು ಸಂಬಂಧ ಅನಿಸಬಹುದು. ಚಾವಿ ತೆಗೆದ ಮೇಲೆ ಲಾಕಿನೊಳಗಿನ ಉಕ್ಕಿನ ಗೂಟವೊಂದು ಸ್ಪ್ರಿಂಗಿನ ಒತ್ತಡಕ್ಕೆ ಮುಂದೆ ಬಂದು ಸ್ಟಿಯರಿಂಗ್ ಶಾಫ್ಟಿನ ಕಚ್ಚಿನಲ್ಲಿ ಕೂರುತ್ತದೆ. ಕಳ್ಳ ಗಾಡಿ ಒಯ್ಯಬಾರದು ಎಂದು ಮಾಡಿದ್ದು. ಚಕ್ರ ಗಟಾರದ ಅಂಚಿಗೆ ಒತ್ತಿ ನಿಂತಿದ್ದರೆ ಅಥವಾ ಏರಿನಲ್ಲಿ ಓರೆಯಾಗಿದ್ದರೆ, ಆ ತಿರುಚು ಶಾಫ್ಟಿನವರೆಗೂ ಬಂದು ಗೂಟವನ್ನು ಪಕ್ಕಕ್ಕೆ ಒತ್ತಿ ಹಿಡಿಯುತ್ತದೆ. ಗೂಟ ಹಿಂದೆ ಸರಿಯುವುದಿಲ್ಲ, ಚಾವಿಯೂ ತಿರುಗುವುದಿಲ್ಲ.

ಶಿರಸಿ ಕಡೆಯ ಹೆಗಡೆಯವರೊಬ್ಬರ ಹತ್ತಿರ ಹಳೇ ಮಾರುತಿ 800 ಇದೆ. ಅವರ ಅಂಗಳವೇ ಇಳಿಜಾರು. ‘ತಮಾ, ಚಾವಿ ತಿರುಗ್ತಿಲ್ಲೆ, ಎಂತಾ ಮಾಡವು?’ ಎಂದು ಫೋನು ಮಾಡಿದರು. ‘ಹೆಗಡೇರೇ, ಸ್ಟಿಯರಿಂಗ್ ಆಚೆ ಈಚೆ ಅಲ್ಲಾಡ್ಸಿ. ಒಂದು ಕಡೆ ಕಲ್ಲಿನ ಹಾಂಗೆ ನಿಲ್ತದೆ, ಇನ್ನೊಂದು ಕಡೆ ಸ್ವಲ್ಪ ಸರೀತದೆ. ಸರಿಯುವ ಕಡೆ ನಿಧಾನ ಎಳೀತಾ ಚಾವಿ ತಿರುಗ್ಸಿ. ಎರಡೇ ಬೆರಳು ಸಾಕು’ ಅಂದೆ. ಫೋನು ಇಡುವುದರೊಳಗೆ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿತು. ಸರಿಯುವ ಕಡೆಗೂ ಪೂರ್ತಿ ಕೊನೆವರೆಗೆ ಎಳೆದು ಹಿಡಿಯಬೇಡಿ. ಗೂಟ ಆ ಬದಿಗೆ ಸಿಕ್ಕಿಕೊಳ್ಳುತ್ತದೆ.

ಸ್ಟಿಯರಿಂಗ್ ಸಲೀಸಾಗಿದ್ದೂ ಚಾವಿ ತಿರುಗದಿದ್ದರೆ ಚಾವಿಯನ್ನೇ ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲಿ ಹಲ್ಲುಗಳ ಏಣು ಚೂಪಾಗಿರುತ್ತದೆ. ವರ್ಷಗಟ್ಟಲೆ ಉಜ್ಜಿದ ಚಾವಿಯಲ್ಲಿ ಅವು ಗುಂಡಗಾಗಿ ಹೊಳೆಯುತ್ತಿರುತ್ತವೆ. ಮನೆಯಲ್ಲಿ ಬಳಸದೆ ಇಟ್ಟ ಎರಡನೇ ಚಾವಿ ಇದ್ದರೆ ಹಾಕಿ ನೋಡಿ. ಅದು ತಿರುಗಿತು ಅಂದರೆ ಲಾಕಿನದೇನೂ ತಪ್ಪಿಲ್ಲ. ಎರಡೂ ಬದಿ ಒಂದೇ ತರ ಹಲ್ಲಿರುವ ಚಾವಿಯಾದರೆ ಮಗುಚಿ ಹಾಕಿದರೂ ಒಮ್ಮೊಮ್ಮೆ ಕೆಲಸವಾಗುತ್ತದೆ. ಜನ ಎಡವುವುದು ಡೂಪ್ಲಿಕೇಟ್ ಮಾಡಿಸುವಾಗ. ಸವೆದ ಚಾವಿ ಕೊಟ್ಟರೆ ಮಷೀನು ಸವೆತವನ್ನೂ ಸೇರಿಸಿಯೇ ಕತ್ತರಿಸುತ್ತದೆ. ಕಡಿಮೆ ಬಳಸಿದ ಚಾವಿಯನ್ನೇ ಕೊಡಿ. ಗಾಡಿ ಕೊಂಡಾಗ ಚಾವಿಯ ಜೊತೆ ನಂಬರಿನ ಚಿಕ್ಕ ಬಿಲ್ಲೆ ಸಿಕ್ಕಿದ್ದರೆ ಇನ್ನೂ ಒಳ್ಳೆಯದು, ಆ ನಂಬರಿನಿಂದ ಮೂಲ ಅಳತೆಯಲ್ಲೇ ಹೊಸ ಚಾವಿ ಮಾಡಿಸಬಹುದು.

ಇಷ್ಟಾದ ಮೇಲೆ ಸಿಲಿಂಡರಿನ, ಅಂದರೆ ಲಾಕಿನೊಳಗೆ ಚಾವಿಯ ಜೊತೆ ತಿರುಗುವ ಉರುಳೆಯ ಸರದಿ. ಅದರೊಳಗೆ ಹಿತ್ತಾಳೆಯ ತೆಳು ತಗಡುಗಳ ಸಾಲು ಇರುತ್ತದೆ. ನಾವು ವೇಫರ್ ಅನ್ನುತ್ತೇವೆ. ಒಂದೊಂದರ ಪಕ್ಕದಲ್ಲೂ ಕೂದಲಿನಂಥ ಸ್ಪ್ರಿಂಗು. ಚಾವಿ ಇಲ್ಲದಾಗ ವೇಫರುಗಳು ಹೊರಕ್ಕೆ ಚಾಚಿಕೊಂಡು ಸಿಲಿಂಡರನ್ನು ತಡೆಯುತ್ತವೆ. ಸರಿಯಾದ ಚಾವಿ ಹೊಕ್ಕರೆ ಎಲ್ಲವೂ ಮಟ್ಟಸವಾಗಿ ಒಳಗೆ ಸರಿಯುತ್ತವೆ. ಬಿಚ್ಚಿದ ಸಿಲಿಂಡರಿಗೆ ಚಾವಿ ಹಾಕಿ ಮೇಲೆ ಬೆರಳು ಸವರಿದರೆ ದೋಷ ಯಾವುದರಲ್ಲಿ ಎಂದು ಬೆರಳಿಗೇ ಗೊತ್ತಾಗುತ್ತದೆ. ಉಳಿದವೆಲ್ಲ ನುಣ್ಣಗಿದ್ದು ಒಂದು ಮಾತ್ರ ಚುಚ್ಚುತ್ತದೆ. ಕೆಲವರು ಅದನ್ನು ಅರದಿಂದ ಉಜ್ಜಿಬಿಡುತ್ತಾರೆ, ಇಲ್ಲಾ ಕಿತ್ತೇ ಎಸೆಯುತ್ತಾರೆ. ಗಾಡಿ ಓಡುತ್ತದೆ, ಸುಳ್ಳಲ್ಲ. ಹೀಗೆ ಎರಡು ಮೂರು ತೆಗೆದರೆ ಕಂಡವರ ಚಾವಿಗೂ ಲಾಕ್ ತೆರೆದುಕೊಳ್ಳುತ್ತದೆ.

ನಮ್ಮ ಕರಾವಳಿಯಲ್ಲಿ ಸವೆತದ ಜೊತೆ ಉಪ್ಪುಗಾಳಿಯ ಕಾಟವೂ ಇದೆ. ಕಾರವಾರದಲ್ಲಿ ಕಡಲ ಬದಿಗೆ ನಿಲ್ಲುವ ಗಾಡಿಯ ಲಾಕ್ ಬಿಚ್ಚಿದರೆ ಸ್ಪ್ರಿಂಗು ತುಕ್ಕು ಹಿಡಿದಿರುತ್ತದೆ, ಎರಕದ ಕವಚದ ಮೇಲೆ ಬಿಳಿ ಪುಡಿ ಎದ್ದಿರುತ್ತದೆ. ಆ ಕವಚ ಸತುವಿನ ಮಿಶ್ರಲೋಹ, ಉಪ್ಪು ತಾಗಿದರೆ ಹಾಗೇ ಆಗುವುದು. ಗೋಕರ್ಣದ ಬೀಚಿಗೆ ಹೋಗಿ ಬಂದವರ ಜೇಬಿನ ಮರಳು ಚಾವಿಯ ಜೊತೆ ಒಳಗೆ ಹೋಗುವುದೂ ಉಂಟು. ಮಳೆಗಾಲ ಪೂರ್ತಿ ಮುಚ್ಚಿಟ್ಟ ಗಾಡಿ ಅಕ್ಟೋಬರಿನಲ್ಲಿ ಹಠ ಹಿಡಿಯುವುದು ಇದರಿಂದಲೇ.

ಆಗ ಎಲ್ಲರ ಕೈ ಹೋಗುವುದು ಎಣ್ಣೆ ಬಾಟ್ಲಿಗೆ. ಅದೇ ಹೆಗಡೆಯವರು ಲಾಕಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಶಿರಸಿಯ ಬೆಳಗಿನಲ್ಲಿ ಅದು ಬಾಟ್ಲಿಯಲ್ಲೇ ಹೆಪ್ಪುಗಟ್ಟುತ್ತದೆ, ಲಾಕಿನೊಳಗೆ ಬಿಡುತ್ತದೆಯೇ? ಎಂಜಿನ್ ಆಯಿಲ್ ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಧೂಳನ್ನೂ ಹಿತ್ತಾಳೆ ಪುಡಿಯನ್ನೂ ಕಲಸಿ ಕರಿ ಮುದ್ದೆ ಮಾಡಿಡುತ್ತದೆ. ಬೇಗ ಆರುವ ಕಾಂಟ್ಯಾಕ್ಟ್ ಕ್ಲೀನರ್ (ಕರೆಂಟಿನ ಸ್ವಿಚ್ಚು ತೊಳೆಯುವ ಸ್ಪ್ರೇ) ಹೊಡೆದು, ಚಾವಿ ಹಾಕಿ ತೆಗೆದು, ಅದಕ್ಕೆ ಮೆತ್ತಿದ ಕೊಳೆ ಒರೆಸುತ್ತಾ ಇರಿ. ಚಾವಿ ಚೊಕ್ಕವಾಗಿ ಹೊರಬಂದ ಮೇಲೆ ಚೂರೇ ಚೂರು ಗ್ರಾಫೈಟ್ ಪುಡಿ. ಸಿಗದಿದ್ದರೆ ಮಕ್ಕಳ ಪೆನ್ಸಿಲನ್ನು ಹಲ್ಲುಗಳ ಮೇಲೆ ಉಜ್ಜಿ. ಹಳೇ ಎಣ್ಣೆ ತೆಗೆಯದೆ ಪುಡಿ ಹಾಕಿದರೆ ಮತ್ತೆ ಅದೇ ಮುದ್ದೆ.

ಚಾವಿ ಒಳಗೇ ಮುರಿದಿದ್ದರೆ ಏನೂ ಮಾಡದಿರುವುದೇ ಲೇಸು. ಫೆವಿಕ್ವಿಕ್ ಹಚ್ಚಿ ತುಂಡು ಎಳೆಯಲು ಹೋದವರು ವೇಫರುಗಳನ್ನೂ ಅಂಟಿಸಿ ತಂದಿದ್ದಾರೆ.

ತಿರುಗದ ಲಾಕಿಗಿಂತ ನನಗೆ ಭಯ ಜಾಸ್ತಿ ಇರುವುದು ತೀರಾ ಸಡಿಲ ತಿರುಗುವ ಲಾಕಿನ ಮೇಲೆ. ಸವೆದ ಸಿಲಿಂಡರಿನಿಂದ ಎಂಜಿನ್ ಓಡುತ್ತಿರುವಾಗಲೇ ಚಾವಿ ಕಳಚಿ ಬರಬಹುದು. ದೇವಿಮನೆ ಘಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡುವವರು ಈಗಲೂ ಇದ್ದಾರೆ ಮಾರಾಯ್ರೆ. ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ಬೂಸ್ಟರ್ ಸೋಲುವುದು ಒಂದು ಕಡೆ, ಸಡಿಲ ಲಾಕಾದರೆ ತಿರುವಿನಲ್ಲೇ ಸ್ಟಿಯರಿಂಗ್ ಗೂಟ ಬೀಳುವ ಅಪಾಯ ಇನ್ನೊಂದು ಕಡೆ. ಮನೆ, ಅಂಗಡಿ, ಗೋದಾಮಿನ ಚಾವಿಯೆಲ್ಲ ಒಂದೇ ಗೊಂಚಲಿಗೆ ನೇತು ಹಾಕುವುದೂ ಬೇಡ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ಇಗ್ನಿಷನ್ ಸ್ವಿಚ್ಚಿಗಾಗಿಯೇ ವಾಪಸ್ ಕರೆಸಿತು. ಸ್ವಿಚ್ಚಿನ ಹಿಡಿತ ಕಮ್ಮಿ, ಗೊಂಚಲಿನ ಭಾರಕ್ಕೋ ಕುಲುಕಾಟಕ್ಕೋ ಅದು ಹಿಂದೆ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ.

ಚಾವಿ ಸಲೀಸಾಗಿ ತಿರುಗಿಯೂ ದೀಪ ಹತ್ತದಿದ್ದರೆ ಅದು ಜಾಮ್ ಅಲ್ಲ. ಮೊದಲು ಬ್ಯಾಟರಿ ಟರ್ಮಿನಲ್, ಆಮೇಲೆ ಸಿಲಿಂಡರಿನ ಹಿಂದಿರುವ ಸ್ವಿಚ್ಚು ನೋಡಬೇಕು. ಅದು ಬೇರೆಯೇ ಭಾಗ, ಎಷ್ಟೋ ಗಾಡಿಗಳಲ್ಲಿ ಅದೊಂದನ್ನೇ ಬದಲಿಸಬಹುದು. ಸ್ಟಾರ್ಟ್ ಮಾಡಿ ಕೈ ಬಿಟ್ಟಾಗ ಚಾವಿ ತಾನಾಗಿ ಹಿಂದೆ ಬರದಿದ್ದರೆ ತಕ್ಷಣ ಕೈಯಿಂದ ತಿರುಗಿಸಿ, ಅದೇ ವಾರ ಗ್ಯಾರೇಜಿಗೆ ತನ್ನಿ. ಹಾಗೇ ಬಿಟ್ಟರೆ ಸ್ಟಾರ್ಟರ್ ಮೋಟಾರು ಸುಡುತ್ತದೆ.

ಪೂರ್ತಿ ಲಾಕ್ ಬದಲಿಸುವುದಾದರೆ ಕೆಲಸ ಬೇಗ ಮುಗಿಯಲಿ ಎಂದು ಒತ್ತಾಯಿಸಬೇಡಿ. ಅದನ್ನು ಹಿಡಿದಿರುವ ಬೋಲ್ಟುಗಳ ತಲೆ ಬಿಗಿ ಮಾಡುವಾಗಲೇ ಮುರಿಯುವಂತೆ ಮಾಡಿರುತ್ತಾರೆ, ಕಳ್ಳ ಬಿಚ್ಚಬಾರದು ಎಂದು. ಮೆಕ್ಯಾನಿಕ್ಕೂ ಡ್ರಿಲ್ ಹಿಡಿಯಬೇಕಾಗುತ್ತದೆ. ಬಿಲ್ ಕೊಡುವ ಮುಂಚೆ ನಿಂತಲ್ಲೇ ಎಂಜಿನ್ ಓಡಿಸಿ ಚಾವಿ ಎಳೆದು ನೋಡಿ, ಬರಬಾರದು. ಆಫ್ ಮಾಡಿ ಚಾವಿ ತೆಗೆದು ಸ್ಟಿಯರಿಂಗ್ ತಿರುಗಿಸಿ, ಗೂಟ ಬಿದ್ದ ಸದ್ದು ಕೇಳಬೇಕು. ಇನ್ನು ಬಾಗಿಲಿಗೆ ಬೇರೆ ಚಾವಿ ಬೇಡ ಎನ್ನುವವರು ಹೊಸ ಲಾಕ್ ತರಿಸುವ ಮೊದಲೇ ಹೇಳಿ. ಹಳೇ ಚಾವಿಗೆ ತಕ್ಕಂತೆ ಹೊಸ ಸಿಲಿಂಡರಿನ ವೇಫರು ಜೋಡಿಸಲು ಆಗುತ್ತದೆಯೇ ಎಂದು ಆಗಲೇ ನೋಡಬಹುದು.