ಜಪಾನಿನಲ್ಲಿ ಬಿಸಿನೀರು, ಚೀನಾದಲ್ಲಿ ಸೂಪು

ಜಪಾನಿನ ಸಾರ್ವಜನಿಕ ಸ್ನಾನಗೃಹದ ಬಾಗಿಲ ಪರದೆಯ ಮೇಲಿರುವ ಅಕ್ಷರವೇ ಹಾಂಗ್‌ಕಾಂಗಿನ ಹೋಟೆಲ್ ಮೆನುವಿನಲ್ಲೂ ಕಾಣುತ್ತದೆ. ಎಡಕ್ಕೆ ಮೂರು ನೀರಹನಿ ಇರುವ ಈ ಅಕ್ಷರವನ್ನು ಜಪಾನೀಯರು ‘ಯು’ ಎಂದು ಓದುತ್ತಾರೆ, ಅರ್ಥ ಬಿಸಿನೀರು. ಮ್ಯಾಂಡರಿನ್‌ನಲ್ಲಿ ಅದು ‘ಥಾಂಗ್’, ಅಂದರೆ ಸೂಪು.

ಅರ್ಥ ಬದಲಿಸಿಕೊಂಡದ್ದು ಜಪಾನಲ್ಲ, ಚೀನಾ. ‘ಚಳಿಗಾಲದಲ್ಲಿ ಥಾಂಗ್ ಕುಡಿಯುತ್ತೇವೆ, ಬೇಸಿಗೆಯಲ್ಲಿ ನೀರು’ ಎಂಬ ಮಾತು ಪ್ರಾಚೀನ ಚೀನೀ ತತ್ತ್ವಜ್ಞಾನಿ ಮೆನ್ಸಿಯಸ್‌ನ ಗ್ರಂಥದಲ್ಲಿದೆ. ಆಗ ಥಾಂಗ್ ಎಂದರೆ ಬರೀ ಬಿಸಿನೀರು. ಮಾಂಸ, ಸೊಪ್ಪಿನ ಗಟ್ಟಿ ಸಾರಿಗೆ ‘ಗಂಗ್’ ಎಂಬ ಬೇರೆ ಪದವಿತ್ತು. ಹಾನ್ ರಾಜವಂಶದ ಕಾಲಕ್ಕೆ ಬೇರು, ತೊಗಟೆ ಕುದಿಸಿದ ಕಷಾಯವೂ ಥಾಂಗ್ ಆಯಿತು. ಮುಂದೆ ಆ ಹೆಸರು ಅಡುಗೆಮನೆಯ ತೆಳು ಸಾರಿಗೂ ಹಬ್ಬಿತು. ಜಪಾನಿನಲ್ಲಿ ನೆಗಡಿಗೆ ಕೊಡುವ ‘ಕಕ್ಕೊಂತೋ’ ಔಷಧದ ಕೊನೆಯ ‘ತೋ’ ಕೂಡ ಇದೇ ಅಕ್ಷರ, ಕಷಾಯದ ಅರ್ಥದಲ್ಲಿ.

ಹೀಗೆ ತೆರವಾದ ಜಾಗಕ್ಕೆ ಚೀನೀ ಭಾಷೆಯಲ್ಲಿ ‘ಕೈಶುಯಿ’ (ಕುದಿಸಿದ ನೀರು) ಬಂತು. 1934ರ ನವಜೀವನ ಚಳವಳಿ, 1952ರಲ್ಲಿ ಶುರುವಾದ ದೇಶಭಕ್ತಿ ಆರೋಗ್ಯ ಅಭಿಯಾನ ಎರಡೂ ನೀರು ಕುದಿಸಿ ಕುಡಿಯಿರಿ ಎಂದು ಸಾರಿದವು. ಇಂದಿಗೂ ಅಲ್ಲಿನ ರೈಲುಗಳಲ್ಲಿ ಬಿಸಿನೀರಿನ ನಲ್ಲಿ ಇರುತ್ತದೆ.

ನಿಜವಾಗಿ ತಬ್ಬಿಬ್ಬು ಮಾಡುವುದು ‘ಬಿಳಿ’ ಎಂಬ ಅಕ್ಷರ ಮುಂದೆ ಸೇರಿದಾಗ. ಅದೇ ಜೋಡಿಯನ್ನು ಜಪಾನಿನಲ್ಲಿ ‘ಸಾಯು’ ಎಂದು ಓದಿದರೆ ಕಾಯಿಸಿ ಆರಿಸಿದ ಬರೀ ನೀರು; ರಾಮೆನ್ (ಸಾರಿನಲ್ಲಿ ಬಡಿಸುವ ನೂಡಲ್ಸ್) ಅಂಗಡಿಯಲ್ಲಿ ‘ಪೈತಾನ್’ ಎಂದು ಓದಿದರೆ ಹಾಲಿನಂಥ ಮೂಳೆಸಾರು. ಪೈತಾನ್‌ಗೆ ಕೋಳಿ ಅಥವಾ ಹಂದಿಯ ಮೂಳೆಯನ್ನು ಗಂಟೆಗಟ್ಟಲೆ ಕೊತಕೊತ ಕುದಿಸಬೇಕು: ಕೊಬ್ಬು ಸಣ್ಣ ಹನಿಗಳಾಗಿ ಒಡೆಯುತ್ತದೆ, ಮೂಳೆಯಿಂದ ಬಿಟ್ಟ ಜೆಲಟಿನ್ ಅವನ್ನು ಮತ್ತೆ ಕೂಡಲು ಬಿಡುವುದಿಲ್ಲ. ತಿಳಿಸಾರು ‘ಚಿಂತಾನ್’ ಬೇಕಿದ್ದರೆ ಇದಕ್ಕೆ ತದ್ವಿರುದ್ಧ. ಮೇಲ್ಮೈ ತುಸು ಅಲುಗುವಷ್ಟು ಉರಿ ಸಾಕು; ನೊರೆಯನ್ನು ತೆಗೆಯುತ್ತಲೇ ಇರಬೇಕು. ಒಮ್ಮೆ ಉಕ್ಕಿ ಕುದ್ದು ಬೆಳ್ಳಗಾದರೆ ಬಟ್ಟೆಯಲ್ಲಿ ಸೋಸಿ ಪ್ರಯೋಜನವಿಲ್ಲ.

ಜಪಾನಿನ ಮನೆಯ ತಿಳಿಸಾರಿನ ಹೆಸರಲ್ಲಿ ‘ಯು’ ಇಲ್ಲ. ಅದು ‘ಸುಮಾಶಿಜಿರು’. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಎಂಬ ಕಡಲಪಾಚಿಯನ್ನು ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಕುದಿಯುವ ಮೊದಲೇ ತೆಗೆಯಬೇಕು. ಕುದಿದರೆ ಲೋಳೆ ಬಿಡುತ್ತದೆ. ಆಮೇಲೆ 20–30 ಗ್ರಾಂ ಕತ್ಸುವೊಬುಶಿ (ಹೊಗೆಯಲ್ಲಿ ಒಣಗಿಸಿ ಹೆರೆದ ಮೀನು) ಹಾಕಿ, ಒಂದೆರಡು ನಿಮಿಷಕ್ಕೆ ಸೋಸುವುದು. ಹಿಂಡಿದರೆ ಕದಡುತ್ತದೆ. 600 ಮಿ.ಲೀ.ಗೆ ಅರ್ಧ ಟೀ ಚಮಚ ಉಪ್ಪು, ಒಂದು ಟೀ ಚಮಚ ತಿಳಿಬಣ್ಣದ ಸೋಯಾ ಸಾಸ್ ಸಾಕು.

ಚೀನಾದ ಸಿಚುವಾನ್ ಪ್ರಾಂತ್ಯದ ಬಾಣಸಿಗರು ಇನ್ನೂ ಮುಂದೆ ಹೋದರು. ಅವರ ‘ಕೈಶುಯಿ ಬೈತ್ಸಾಯ್’ ಹೆಸರಿಗೆ ‘ಕುದಿಸಿದ ನೀರಿನ ಕೋಸು’. ಆ ‘ನೀರು’ ಕೋಳಿ, ಬಾತು, ಹ್ಯಾಮ್‌ಗಳ ಸಾರು. ಕೋಳಿ ಎದೆಮಾಂಸವನ್ನು ನುಣ್ಣಗೆ ಕೊಚ್ಚಿ, ತಣ್ಣೀರಲ್ಲಿ ಕದಡಿ, ಬಿಸಿ ಸಾರಿಗೆ ಸುರಿಯುತ್ತಾರೆ. ಮಾಂಸ ಗಟ್ಟಿಯಾಗುತ್ತ ಗಸಿಯನ್ನೆಲ್ಲ ಹಿಡಿದುಕೊಂಡು ಮೇಲೆ ತೇಲುತ್ತದೆ. ಆಗ ಉರಿ ಜೋರಿದ್ದರೆ ಅದು ಚೂರಾಗಿ ಸಾರು ಮತ್ತೆ ಕದಡೀತು. ಸಾರು ನೀರಿನಷ್ಟೇ ತಿಳಿಯಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿ, ಕೊನೆಗೆ ಜಿಡ್ಡನ್ನು ಪೂರ್ತಿ ತೆಗೆದು, ಬೇಯಿಸಿದ ಎಳೆ ಕೋಸಿನ ಮೇಲೆ ಸುರಿಯುತ್ತಾರೆ.